ಕೈಯಲ್ಲಿ ಬ್ರೇಕು, ಉಡಿಯಲ್ಲಿ ಕಾಯಿ

ನಾನು ಮಾಳಿಗೆಯಿಂದ ಬಿದ್ದದ್ದು ಒಂದು ಮಂಗದ ಮೇಲಿನ ಸಿಟ್ಟಿನಿಂದ. ಎಪ್ಪತ್ತರ ದಶಕದ ಆರಂಭದ ಒಂದು ಬೇಸಿಗೆ. ಸಿಂದಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಸಂಡಿಗೆ ಒಣಹಾಕಿದ್ದೆವು. ಮಂಗ ಬಂದು ತಿನ್ನುವುದು ಬಿಟ್ಟು ಒಂದೊಂದೇ ಸಂಡಿಗೆ ಎತ್ತಿ, ಮೂಸಿ ನೋಡಿ, ಎಸೆಯುತ್ತಿತ್ತು. ತಿಂದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ನನ್ನ ಕೈಯಡುಗೆಗೆ ಅದು ಮೂಗು ಮುರಿದದ್ದನ್ನು ಸಹಿಸಲಾಗಲಿಲ್ಲ. ಕೋಲು ಹಿಡಿದು ಅಟ್ಟಿಸಿಕೊಂಡು ಹೋದೆ. ಮಂಗ ಪಕ್ಕದ ಮಾಳಿಗೆಗೆ ಹಾರಿತು. ನಾನು ಹಾರಲಿಲ್ಲ, ಆದರೆ ಅಂಚಿನಲ್ಲಿ ನಿಲ್ಲಲೂ ಇಲ್ಲ.

ಮಿರಜದ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಪೆಟ್ಟಾಗಿದೆ, ಸೊಂಟದಿಂದ ಕೆಳಗೆ ಇನ್ನು ಬಲವೂ ಬರುವುದಿಲ್ಲ, ಮುಟ್ಟಿದ್ದೂ ತಿಳಿಯುವುದಿಲ್ಲ ಎಂದರು. ಆಗ ನನಗೆ ಮೂವತ್ತರ ಆಸುಪಾಸು. ಆ ತಿಂಗಳುಗಳ ಅಳುವನ್ನು ಇಲ್ಲಿ ಬರೆಯುವುದಿಲ್ಲ. ಅತ್ತದ್ದು ನಿಜ, ಹೊಟ್ಟೆ ತುಂಬ ಅತ್ತೆ, ಆಮೇಲೆ ಸಾಕಾಯಿತು.

ಸಿಂದಗಿಗೆ ಮರಳಿದ ಮೇಲೆ ನೋಡಲು ಬಂದವರೆಲ್ಲ ಮೋಸಂಬಿ ತಂದರು. ಮೋಸಂಬಿ ರೋಗಿಗೆ ಕೊಡುವ ಹಣ್ಣು. ನಮ್ಮ ಕಡೆ ಮನೆಗೆ ಬಂದ ಮುತ್ತೈದೆ ಹೊರಡುವಾಗ ಅವಳಿಗೆ ಉಡಿ ತುಂಬುತ್ತಾರೆ. ಸೆರಗು ಒಡ್ಡಿಸಿ ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣದ ಕೊಂಬು, ರವಿಕೆ ಹೊಲಿಸಿಕೊಳ್ಳಲು ಕುಬಸದ ಕಣ ಹಾಕಿ ಕಳಿಸುತ್ತಾರೆ. ಹೋಗಿ ಬಾ, ಮತ್ತೆ ಬಾ ಎನ್ನುವ ಮಾತು ಅದು. ನಾನಿನ್ನು ಹೋಗುವವಳೂ ಅಲ್ಲ, ಬರುವವಳೂ ಅಲ್ಲ ಎಂದು ಎಲ್ಲರೂ ತೀರ್ಮಾನಿಸಿದ್ದರಿಂದ ಉಡಿ ತುಂಬುವ ನೆನಪು ಯಾರಿಗೂ ಬರಲಿಲ್ಲ. ಬಸವನ ಬಾಗೇವಾಡಿ ನನ್ನ ತವರು. ಅಲ್ಲಿಗೆ ಎರಡು ಸಲ ಹೋದೆ ಎಂದರೆ ತಪ್ಪಾದೀತು, ನನ್ನನ್ನು ಒಯ್ದರು. ಅಣ್ಣಂದಿರು ಎತ್ತಿ ಒಳಗೆ ಮಲಗಿಸಿದರು, ಎತ್ತಿ ಹೊರಗೆ ತಂದರು. ಹೊರಡುವಾಗ ಅವ್ವ ಕಣ್ಣೊರೆಸಿಕೊಳ್ಳುತ್ತ ನನ್ನ ಕೈಗೆ ಮೋಸಂಬಿ ಕೊಟ್ಟಳು. ಹೆತ್ತ ಅವ್ವ, ಮೋಸಂಬಿ. ಅವತ್ತೇ ಅಂದುಕೊಂಡೆ: ಒಂದು ಸಲವಾದರೂ ನಾನೊಬ್ಬಳೇ ಎಲ್ಲಿಂದಲೋ ಎಲ್ಲಿಗೋ ಹೋಗಬೇಕು. ಪಕ್ಕದಲ್ಲಿ ನನ್ನನ್ನು ನೋಡಿಕೊಳ್ಳುವವರು ಯಾರೂ ಇರಬಾರದು.

ಕಾರು ಮನೆಯಲ್ಲೇ ಇತ್ತು. ನಮ್ಮ ಮನೆಯವರು ವಕೀಲರು, ಹಳೆಯ ಕಾರೊಂದನ್ನು ಇಟ್ಟಿದ್ದರು. ಮದುವೆಯಾದ ಹೊಸದರಲ್ಲಿ ಹುರುಪಿನಿಂದ ನನಗೂ ಅದನ್ನು ಓಡಿಸಲು ಕಲಿಸಿ, ಹುರುಪು ಇಳಿದ ಮೇಲೆ ಕೀಲಿ ಕೈಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಪುಣೆಯಲ್ಲಿ ಕಾಲು ಸೋತ ಫೌಜಿನವರು ಕೈಯಿಂದಲೇ ಕಾರು ನಡೆಸುತ್ತಾರೆಂದು ಮಿರಜದಲ್ಲಿ ಕೇಳಿದ್ದೆ. ಅದನ್ನು ಹೇಳಿದಾಗ ನಮ್ಮ ಮನೆಯವರು ಸಿಟ್ಟಾಗಲಿಲ್ಲ, ಒಪ್ಪಲೂ ಇಲ್ಲ. ಊಟಕ್ಕೆ ಕೂತಾಗ ನನ್ನ ಪರವಾಗಿ ವಾದಿಸುವರು, ಕೈ ತೊಳೆದುಕೊಂಡು ಬರುವಷ್ಟರಲ್ಲಿ ಎದುರು ಪಕ್ಷ ಸೇರಿರುವರು. ಕೊನೆಗೆ ನಾನೇ ಹೇಳಿದೆ: "ವಾದ ಮುಗೀತಲ್ರಿ, ತೀರ್ಪು ನಾ ಕೊಡ್ತೇನಿ. ನಾಳಿ ಇಂಡಿಗೆ ಹೋಗೂದು."

ಇಂಡಿಯಲ್ಲಿ ನನ್ನ ಸೋದರಮಾವ ಇದ್ದ. ಬಾವಿಗಳ ಇಂಜಿನ್ನು, ಪಂಪು, ಟ್ರ್ಯಾಕ್ಟರು ರಿಪೇರಿ ಮಾಡುವ ಶೆಡ್ಡು ಅವನದು. ತನಗೆ ಬರದ ಕೆಲಸ ಭೂಮಿಯ ಮೇಲೆ ಇಲ್ಲ ಎಂದು ನಂಬಿದ ಮನುಷ್ಯ. ಅವನು ರಿಪೇರಿ ಮಾಡಿದ ವಸ್ತುಗಳು ಆ ನಂಬಿಕೆಯನ್ನು ಪೂರ್ತಿಯಾಗಿ ಹಂಚಿಕೊಂಡಿರಲಿಲ್ಲ. ನನ್ನ ಮಾತು ಮುಗಿಯುವ ಮೊದಲೇ ಆತ ಕಾರಿನ ಕೆಳಗೆ ತೂರಿದ್ದ.

"ಇದೇನ್ ದೊಡ್ಡ ಕೆಲಸವ್ವ? ಕಾಲಿನ ಕೆಲಸ ಕೈಗಿ ತರೂದು, ಅಷ್ಟ ಐತಿ," ಎಂದ ಕೆಳಗಿನಿಂದಲೇ.

ಅಷ್ಟೇ ಇರಲಿಲ್ಲ. ಕಾರಿಗೆ ಪೆಡಲು ಮೂರು, ಅದರ ಮೇಲೆ ಸ್ಟೀರಿಂಗು ಒಂದು, ಗೇರು ಒಂದು. ನನಗೆ ಕೈ ಎರಡೇ. ಮಾವ ಬ್ರೇಕಿನ ಪೆಡಲಿಗೆ ಒಂದು ಕಬ್ಬಿಣದ ಸರಳು ಕೂಡಿಸಿ ಬಲಗೈ ಹತ್ತಿರ ತಂದ, ಕ್ಲಚ್ಚಿಗೆ ಇನ್ನೊಂದು ಕೂಡಿಸಿ ಎಡಗೈ ಹತ್ತಿರ ತಂದ. ಸರಳನ್ನು ಮುಂದಕ್ಕೆ ತಳ್ಳಿದರೆ ಪೆಡಲು ಕೆಳಗೆ ಹೋಗುತ್ತಿತ್ತು. ಎಕ್ಸಿಲೇಟರಿಗೆ ಹಳೆಯ ಟ್ರ್ಯಾಕ್ಟರಿನ ಕೈಹಿಡಿಕೆ ತಂದು ಸ್ಟೀರಿಂಗಿನ ಕೆಳಗೆ ಬಿಗಿದ. ಅದನ್ನು ಎಲ್ಲಿಗೆ ಎಳೆದಿಟ್ಟರೆ ಅಲ್ಲೇ ನಿಲ್ಲುವುದು ಅದರ ಗುಣ. ಒಂದೇ ಕೈಯಿಂದ ತಿರುಗಿಸಲು ಸ್ಟೀರಿಂಗಿನ ಮೇಲೆ ಮುಷ್ಟಿಗೆ ಸಿಗುವಂಥ ಕಟ್ಟಿಗೆಯ ಗುಬುಟು ಕೂಡಿಸಿದ. ಉಳಿದದ್ದು ಕ್ಲಚ್ಚಿನ ತಂಟೆ. ಅದನ್ನು ಒತ್ತಿದ ಎಡಗೈಯೇ ಗೇರನ್ನೂ ಹಾಕಬೇಕು. ಹಾಗಾಗಿ ಸರಳು ಒತ್ತಿದಲ್ಲಿಯೇ ಕಚ್ಚಿ ನಿಲ್ಲುವಂತಿರಬೇಕು. ಮಾವ ಬಹಳ ಹೊತ್ತು ಬೀಡಿ ಸೇದಿದ. ಆಮೇಲೆ ಹ್ಯಾಂಡ್ ಬ್ರೇಕನ್ನು ಬಿಚ್ಚಿ, ಅದರ ಹಲ್ಲುಪಟ್ಟಿಯನ್ನು ತೆಗೆದು ಕ್ಲಚ್ಚಿನ ಸರಳಿಗೆ ಹಾಕಿಬಿಟ್ಟ.

"ಮತ್ತ ಹ್ಯಾಂಡ್ ಬ್ರೇಕ್?" ಎಂದು ನಮ್ಮ ಮನೆಯವರು ಕೇಳಿದರು.

"ವಕೀಲ್ರ, ಅದನ್ನ ನೀವು ಯಾವತ್ತರ ಹಾಕೀರೇನು? ಗಾಲಿಗಿ ಕಲ್ಲ ಇಡೂದ ನೋಡೇನಿ ನಾ. ಇನ್ನ ಮ್ಯಾಲೂ ಕಲ್ಲ ಇಡ್ರಿ."

ನಮ್ಮ ಮನೆಯವರು ಅಂಗಳದಲ್ಲಿ ಹದವಾದ ಕಲ್ಲು ಹುಡುಕತೊಡಗಿದರು.

ಮೊದಲ ಪರೀಕ್ಷೆ ಜೋಳ ಕೊಯ್ದ ಬಯಲು ಹೊಲದಲ್ಲಿ ನಡೆಯಿತು. ಒಂದು ಹಲಗೆಯನ್ನು ಗಾಲಿಕುರ್ಚಿಯಿಂದ ಸೀಟಿಗೆ ಇಟ್ಟು ನಾನು ಜಾರಿಕೊಂಡು ಒಳಗೆ ಹೋದೆ. ಎದೆಗೆ ಚರ್ಮದ ಪಟ್ಟಿ, ಕೆಳಗೆ ಗಾಳಿ ತುಂಬಿದ ರಬ್ಬರು ದಿಂಬು. ಅರಿವಿಲ್ಲದ ಕಾಲುಗಳು ಜಾರಿ ಪೆಡಲಿಗೆ ಸಿಗದಂತೆ ಹಳೆಯ ಇಳಕಲ್ ಸೀರೆಯ ಅಂಚಿನಿಂದ ಸೀಟಿನ ಬುಡಕ್ಕೆ ಕಟ್ಟಿದರು. ದೇಹದ ಇನ್ನೂ ಕೆಲವು ವ್ಯವಸ್ಥೆಗಳಿದ್ದವು, ಹೊರಡುವ ದಿನ ಬೆಳಗಿನಿಂದಲೇ ನೀರು ಕುಡಿಯುತ್ತಿರಲಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಕಾರು ಹೊರಟಿತು. ಹೊರಟದ್ದು ಸರಿ, ನಿಲ್ಲಿಸುವಾಗ ಬಲಗೈಯಿಂದ ಬ್ರೇಕು ಒತ್ತಿದೆ, ಟ್ರ್ಯಾಕ್ಟರಿನ ಹಿಡಿಕೆಯನ್ನು ಇಳಿಸಲು ಮರೆತೆ. ಕಾರು ನಿಲ್ಲಲೂ ಒಲ್ಲದೆ ಓಡಲೂ ಒಲ್ಲದೆ ಹೊಲದ ನಡುವೆ ನಡುಗತೊಡಗಿತು. ಪಕ್ಕದಲ್ಲಿದ್ದ ನಮ್ಮ ಮನೆಯವರು ಬಾಗಿಲು ತೆರೆದು ಜಿಗಿದರು. ಹೆಂಡತಿಯನ್ನು ಕಾಪಾಡಲು ಹೊರಗೆ ಓಡಿದೆ ಎಂದು ಇವತ್ತಿಗೂ ಸಾಧಿಸುತ್ತಾರೆ.

ವಿಜಾಪುರದಲ್ಲಿ ಲೈಸನ್ಸಿನ ಪರೀಕ್ಷೆ ಮಾಡಿದ ಸಾಹೇಬರು ಸಜ್ಜನರು. ಎಲ್ಲ ಒಪ್ಪಿದರು, ಒಂದು ಕಡೆ ತಡೆದರು.

"ಬಲಕ್ಕ ಹೊಳ್ಳೂ ಮುಂದ ಕೈ ಹೊರಗ ಹಾಕಿ ತೋರಸ್ಬೇಕ್ರಿ."

"ತೋರಸ್ತೇನ್ರಿ. ಆವಾಗ ಬ್ರೇಕ್ ನೀವು ಹಿಡೀತೀರೇನು?"

ಅವರು ನನ್ನ ಎರಡೂ ಕೈಗಳನ್ನು ಒಂದೊಂದಾಗಿ ನೋಡಿದರು. ಮೂರನೆಯದು ಸಿಗಲಿಲ್ಲ. "ಹೋಗ್ಲಿ ಬಿಡ್ರಿ, ತಲಿ ಹೊರಗ ಹಾಕಿ ತೋರಸ್ರಿ," ಎಂದರು. ಮುಂದೆ ಬಹಳ ವರ್ಷ ನಾನು ಬಲಕ್ಕೆ ತಿರುಗುವಾಗ ತಲೆ ಹೊರಗೆ ಹಾಕುತ್ತಿದ್ದೆ. ಹಿಂದಿನಿಂದ ಬರುವವರಿಗೆ ನಾನು ವಾಂತಿ ಮಾಡಿಕೊಳ್ಳುತ್ತಿದ್ದೇನೆ ಅನಿಸಿ ದೂರ ಸರಿಯುತ್ತಿದ್ದರು. ಎರಡಕ್ಕೂ ಫಲ ಒಂದೇ.

ಇಷ್ಟಾದರೂ ಒಬ್ಬಳೇ ಹೋಗುವುದು ದೂರವೇ ಉಳಿಯಿತು. ಪಂಕ್ಚರಾದರೆ ಇಳಿಯುವವರು ಯಾರು, ಗಾಲಿಗೆ ಕಲ್ಲು ಇಡುವವರು ಯಾರು ಎಂದು ಕೇಳಿ, ಜೊತೆಗೆ ಒಬ್ಬರಿರಲಿ ಎಂದು ಮನೆಯಲ್ಲಿ ಗೊತ್ತು ಮಾಡಿದರು. ಆ ಒಬ್ಬರು ನಮ್ಮ ಅತ್ತೆ. ಅತ್ತೆಗೂ ಕಲ್ಲು ಎತ್ತಲು ಬರುತ್ತಿರಲಿಲ್ಲ, ಹಾಗಾಗಿ ಅವರಿಗೆ ಜೊತೆಗೆ ಇನ್ನೊಬ್ಬರು ಬೇಕು. ಆ ಇನ್ನೊಬ್ಬರಿಗೆ ಹಾದಿಯಲ್ಲಿ ಬೀಗರು ಸಿಗುವರು. ಮುದ್ದೇಬಿಹಾಳದ ನಾದಿನಿಯ ಮನೆಗೆ ಹೊರಟ ದಿನ ನನ್ನ ಕಾರಿನಲ್ಲಿ ನನಗೆ ಗುರುತಿಲ್ಲದ ಇಬ್ಬರು ಗಂಡಸರು, ಒಂದು ಚೀಲ ಶೇಂಗಾ ಮತ್ತು ಮುದ್ದೇಬಿಹಾಳದ ಸಂತೆಗೆ ಹೊರಟ ಒಂದು ಆಡು ಇದ್ದವು. ಅತ್ತೆ ಮುಂದೆ ಕೂತು ವಿಭೂತಿ ಗಟ್ಟಿ ಹಿಡಿದುಕೊಂಡು, ಎದುರಿಗೆ ಲಾರಿ ಕಂಡಾಗಲೆಲ್ಲ ಎತ್ತಿಗೆ ಹೇಳುವಂತೆ ಕಾರಿಗೆ "ಹೋ, ಹೋ" ಎನ್ನುವರು. ಸ್ಟೀರಿಂಗು ನನ್ನ ಕೈಯಲ್ಲಿತ್ತು ನಿಜ. ಆದರೂ ನನ್ನನ್ನು ಒಯ್ಯುತ್ತಿದ್ದಾರೆ ಎಂಬ ಭಾವನೆ ಬಿಡಲಿಲ್ಲ. ರಾತ್ರಿ ಅದನ್ನೇ ನೆನೆದು ಹಲ್ಲು ಕಡಿಯುತ್ತಿದ್ದೆ.

ಮಾಘ ಮಾಸದ ಕೊನೆಗೆ ಅತ್ತೆಯನ್ನು ಕೂಡಿಸಿಕೊಂಡು ಬಾಗೇವಾಡಿಗೆ ಹೋದೆ. ನಾನು ಕಾರು ನಡೆಸಿಕೊಂಡು ಬಂದದ್ದನ್ನು ಅವ್ವ ಮೊದಲ ಸಲ ನೋಡಿದಳು. ಬಾಗಿಲಲ್ಲಿ ನಿಂತವಳು ಒಳಗೆ ಹೋಗಿ ಹೋಳಿಗೆಗೆ ಕಡಲೆಬೇಳೆ ಇಟ್ಟಳು. ಮಧ್ಯಾಹ್ನ ಊಟ ಮುಗಿದು, ಅಣ್ಣಂದಿರು ನನ್ನನ್ನು ಕಾರಿನಲ್ಲಿ ಕೂಡಿಸಿ, ಪಟ್ಟಿ ಬಿಗಿದು, ಕಾಲು ಕಟ್ಟಿ ಹೊಲಕ್ಕೆ ಹೋದರು. ಆಗ ಅವ್ವ ತಟ್ಟೆ ಹಿಡಿದುಕೊಂಡು ಕಾರಿನ ಬಾಗಿಲಿಗೆ ಬಂದಳು. ತಟ್ಟೆಯಲ್ಲಿ ಅಕ್ಕಿ, ಕಾಯಿ, ಉತ್ತತ್ತಿ, ಹಸಿರು ಕುಬಸದ ಕಣ.

"ಸೆರಗ ಒಡ್ಡು," ಎಂದಳು.

ಕಾರಿನಲ್ಲಿ ಕೂತೇ ಸೆರಗು ಒಡ್ಡಿದೆ. ಅವ್ವ ಉಡಿ ತುಂಬಿ, ಸೆರಗಿನ ತುದಿಯನ್ನು ತಾನೇ ಸೊಂಟಕ್ಕೆ ಸಿಕ್ಕಿಸಿದಳು. ಹಿಂದಿನ ಸೀಟಿಗೆ ಇಡುತ್ತೇನೆಂದರೆ ಕೇಳಲಿಲ್ಲ. "ಉಡಿ ಹಾದ್ಯಾಗ ಬಿಚ್ಚಬಾರ್ದು. ಮನಿಗಿ ಹೋಗಿ ದೇವರ ಮುಂದ ಬಿಚ್ಚು."

ಇನ್ನು ಅತ್ತೆ ಬಂದು ಕೂತರೆ ಹೊರಡುವುದು. ಆದರೆ ನಮ್ಮ ಕಡೆ ಬೀಗತಿಯರು ಒಬ್ಬರನ್ನೊಬ್ಬರು ಬೀಳ್ಕೊಡುವುದು ಸುಲಭದ ಕೆಲಸವಲ್ಲ. "ಬರ್ತೇವ್ರಿ" ಎಂಬುದನ್ನು ಪಡಸಾಲೆಯಲ್ಲಿ ಒಮ್ಮೆ ಹೇಳಬೇಕು, ಆಗ ಹೊಸ ಮಾತು ಹುಟ್ಟುತ್ತದೆ. ಹೊಸ್ತಿಲಲ್ಲಿ ಇನ್ನೊಮ್ಮೆ ಹೇಳಬೇಕು, ಆಗ ಬಿಟ್ಟುಹೋದ ಮಾತು ನೆನಪಾಗುತ್ತದೆ. ಅವ್ವ ಮತ್ತೆ ಒಳಗೆ ಹೋದಳು, ಅತ್ತೆಯೂ ಅವಳ ಹಿಂದೆ ಹೋದರು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕಟ್ಟಿಕೊಡುವ ಮಾತು ಕೇಳಿಸಿತು, ಆಮೇಲೆ ಹಿಂಡಿಗೆ ಬೆಳ್ಳುಳ್ಳಿ ಎಷ್ಟಿರಬೇಕೆಂಬ ಚರ್ಚೆ. ನಾನು ಬಿಸಿಲಿನಲ್ಲಿ ಕೂತಿದ್ದೆ. ಬೆಳಗಿನಿಂದ ನೀರು ಕುಡಿದಿಲ್ಲ, ಸಿಟ್ಟು ಮೂಗಿನ ತುದಿಗೆ ಬಂದಿತ್ತು. ಹಾರ್ನು ಹೊಡೆದೆ. "ಬಂದೆ, ಬಂದೆ," ಎಂದು ಒಳಗಿನಿಂದ ದನಿ ಬಂತು, ಮನುಷ್ಯರು ಬರಲಿಲ್ಲ. ಪಕ್ಕದ ಖಾಲಿ ಸೀಟು ನೋಡಿದೆ. ಮುಂದಿನ ಖಾಲಿ ರಸ್ತೆಯನ್ನೂ ನೋಡಿದೆ. ಇಳಿಜಾರಿನಲ್ಲಿದ್ದ ಕಾರು ಗೇರಿನ ಮೇಲೆಯೇ ನಿಂತಿತ್ತು; ಗಾಲಿಗೆ ಕಲ್ಲು ಇಡುವುದನ್ನು ಅಣ್ಣಂದಿರು ಮರೆತಿದ್ದರು, ಹಾಗಾಗಿ ಅದನ್ನು ತೆಗೆಯುವವರೂ ಬೇಕಿರಲಿಲ್ಲ. ಕೀಲಿ ತಿರುಗಿಸಿದೆ.

ಹೊರಟುಬಿಟ್ಟೆ.

ಊರು ದಾಟುವ ತನಕ ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದೆ. ಆಮೇಲೆ ನೋಡಲಿಲ್ಲ. ಕಾರಿನಲ್ಲಿ "ಹೋ, ಹೋ" ಎನ್ನುವವರಿಲ್ಲ, ಆಡಿಲ್ಲ, ವಿಭೂತಿಯ ವಾಸನೆಯಿಲ್ಲ. ಎರಡೂ ಕಡೆ ಕಪ್ಪು ಎರೆ ಹೊಲ, ಅಲ್ಲಲ್ಲಿ ಬಿಳಿಜೋಳದ ತೆನೆ. ಗಟ್ಟಿಯಾಗಿ ಹಾಡಿದೆ, ಪದ ಮರೆತಲ್ಲಿ ಸುಳ್ಳು ಪದ ಹಾಕಿದೆ. ಯಾರೂ ತಿದ್ದಲಿಲ್ಲ.

ಹೂವಿನ ಹಿಪ್ಪರಗಿ ದಾಟಿದ ಮೇಲೆ ರಸ್ತೆ ಕೆಟ್ಟಿತು. ಒಂದು ತಗ್ಗಿನಲ್ಲಿ ಕಾರು ಕುಲುಕಿದಾಗ ಅಕ್ಕಿ ಸುರಿದ ಸದ್ದಾಯಿತು. ಕ್ಲಚ್ಚು ತಳ್ಳಿ ತಳ್ಳಿ ಸೊಂಟದ ಸೆರಗು ಸಡಿಲಾಗಿತ್ತು. ನನ್ನ ತೊಡೆಗೆ ಏನೂ ತಿಳಿಯುವುದಿಲ್ಲ, ಕಾಲಿಗೂ ತಿಳಿಯುವುದಿಲ್ಲ. ಉಡಿಯೊಳಗಿನ ಕಾಯಿ ಯಾವಾಗ ಜಾರಿತು, ಯಾವ ದಾರಿಯಲ್ಲಿ ಕೆಳಗಿಳಿಯಿತು ಎಂದು ನನಗೆ ಗೊತ್ತಾಗಲೇ ಇಲ್ಲ. ಅಕ್ಕಿ ಹೋದರೆ ಹೋಗಲಿ ಎಂದುಕೊಂಡೆ.

ಮುಂದೆ ರಸ್ತೆಯ ಮೇಲೆ ಕಡಲೆ ಹರವಿದ್ದರು. ಸುಗ್ಗಿಯಲ್ಲಿ ಇದು ನಮ್ಮ ಕಡೆಯ ಪದ್ಧತಿ. ಕಿತ್ತ ಗಿಡಗಳನ್ನು ರಸ್ತೆಗೆ ಹಾಸಿದರೆ ಹೋಗಿ ಬರುವ ಬಸ್ಸು ಲಾರಿಗಳೇ ತುಳಿದು ಕಾಳು ಉದುರಿಸುತ್ತವೆ. ಒಬ್ಬ ಗಂಡಸು, ಒಬ್ಬ ಹೆಂಗಸು ರಸ್ತೆಯ ನಡುವೆ ನಿಂತು ಗಿಡ ತಿರುವಿ ಹಾಕುತ್ತಿದ್ದರು. ಟ್ರ್ಯಾಕ್ಟರಿನ ಹಿಡಿಕೆ ಇಳಿಸಿದೆ, ಬ್ರೇಕಿನ ಸರಳು ತಳ್ಳಿದೆ. ಸರಳು ಒಂದಿಷ್ಟು ಹೋಗಿ ನಿಂತಿತು. ಇನ್ನೂ ತಳ್ಳಿದೆ. ಅವ್ವ ತುಂಬಿದ ಕಾಯಿ ಬ್ರೇಕಿನ ಪೆಡಲಿನ ಕೆಳಗೆ ಅಳತೆ ತೆಗೆದು ಇಟ್ಟ ಹಾಗೆ ಕೂತಿತ್ತು. ಹ್ಯಾಂಡ್ ಬ್ರೇಕಿನ ಹಲ್ಲುಗಳು ಕ್ಲಚ್ಚಿನಲ್ಲಿದ್ದವು. ಕೈ ಬಿಡುವಿರಲಿಲ್ಲ, ಗದ್ದದಿಂದ ಹಾರ್ನು ಒತ್ತಿದೆ. ಅವರಿಬ್ಬರೂ ಹಾರಿ ಬದಿಗೆ ಸರಿದರು. ರಸ್ತೆಯ ಅಂಚಿನಲ್ಲಿ ಇನ್ನೂ ಹರವದ ಕಡಲೆ ಗಿಡದ ಬಣವೆಯೊಂದಿತ್ತು. ಸ್ಟೀರಿಂಗು ಅತ್ತ ತಿರುಗಿಸಿದೆ. ಕಾರು ಮೆತ್ತಗೆ ಬಣವೆಯೊಳಗೆ ಮೂತಿ ತೂರಿಸಿ, ಇಂಜಿನ್ನು ಬಂದಾಗಿ, ನಿಂತಿತು.

ಕಿಟಕಿಯಲ್ಲಿ ಕೆಂಪು ರುಮಾಲು ಸುತ್ತಿದ ಮುಖ ಕಾಣಿಸಿತು. "ಬಾಯಾರ, ಎಲ್ಲಾರೂ ಕಡ್ಲಿ ಮ್ಯಾಲ ಹಾದ ಹೋಗ್ತಾರ. ನೀವು ಬಣವ್ಯಾಗ ಹೊಕ್ಕೀರಿ. ಕೆಳಗ ಇಳದ ನೋಡ್ರಿ, ಏನ್ ಮಾಡೀರಿ ಅಂತ."

ಬಾಯಿಗೆ ಬಂದದ್ದು ಹೇಳಿದೆ: "ನಾ ಇಳಿಯಂಗಿಲ್ರಿ."

ಆತ ಹೆಂಡತಿಯ ಕಡೆ ತಿರುಗಿದ. "ಕೇಳಿದೇನ? ಇಳಿಯಂಗಿಲ್ಲಂತ ಬಾಯಾರು."

"ತಪ್ಪಾತ್ರಿ. ಇಲ್ಲೆ ನನ್ನ ಕಾಲ್ಬುಡಕ ಕಾಯಿ ಸಿಕ್ಕೈತಿ, ಅದನ್ನೊಂಚೂರು ತಗದ ಕೊಡ್ರಿ."

ಇದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. "ನಿಮ್ಮ ಕಾಲ್ಬುಡಕಿನ ಕಾಯಿ ನಾ ತಗೀಬೇಕೇನು? ನಾನೇನ್ ನಿಮ್ಮ ಮನಿ ಆಳಲ್ಲ. ದೇವರು ಕೈಕಾಲು ಗಟ್ಟಿ ಕೊಟ್ಟಾನ, ಬಗ್ಗಿ ತಗೋಳಾಕೇನ್ ಧಾಡಿ? ಕಾರಿನ್ಯಾಗ ಕುಂತಕೂಡ್ಲೆ ಇಷ್ಟ ಸೊಕ್ಕ ಬರಬಾರ್ದು."

ನಾನು ಬಾಯಿ ತೆರೆದೆ. ಮಾಳಿಗೆ, ಮಂಗ, ಮಿರಜ, ಎಲ್ಲವೂ ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು. ಒಂದು ಮಾತು ಹೇಳಿದ್ದರೆ ಆತ ತಲೆ ತಗ್ಗಿಸುತ್ತಿದ್ದ, ಅಯ್ಯೋ ಪಾಪ ಎನ್ನುತ್ತಿದ್ದ, ಪಕ್ಕದ ಸೀಟಿನಲ್ಲಿ ಕೂತು ಸಿಂದಗಿಯ ತನಕ ಬಿಟ್ಟು ಬರುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡೆ. ಹೊಟ್ಟೆಯೊಳಗಿನಿಂದ ಒಂದು ವಿಚಿತ್ರವಾದ ಸಂತೋಷ ಏಳುತ್ತಿತ್ತು, ಅದನ್ನು ಅಡಗಿಸಲು ಮುಖ ಬಿಗಿಹಿಡಿದೆ. ಅದು ಆತನಿಗೆ ಇನ್ನಷ್ಟು ಸೊಕ್ಕಾಗಿ ಕಂಡಿರಬೇಕು.

"ಸುಮ್ಮಕಿರು ನೀ," ಎಂದಳು ಆತನ ಹೆಂಡತಿ. "ಉಡಿ ತುಂಬಸ್ಕೊಂಡು ತವರಮನಿಂದ ಹೊಂಟಾಳ ಹೆಣ್ಮಗಳು. ನಾ ತಗದ ಕೊಡ್ತೇನಿ." ಬಾಗಿಲು ತೆರೆದು ಬಗ್ಗಿದಳು. ಕಾಯಿಗೆ ಕೈ ಹಾಕಿದವಳು ಅಲ್ಲೇ ನಿಂತಳು. ಸೀಟಿನ ಬುಡಕ್ಕೆ ಕಟ್ಟಿದ ನನ್ನ ಎರಡು ಕಾಲು, ಪೆಡಲಿನಿಂದ ಮೇಲೆದ್ದ ಸರಳು ಕಂಡಿದ್ದವು. ತಲೆ ಎತ್ತಿ ನನ್ನ ಮುಖ ನೋಡಿದಳು, ಕಣ್ಣು ತುಂಬಿಕೊಳ್ಳುವುದರಲ್ಲಿತ್ತು. ನಾನು ತುಟಿಯ ಮೇಲೆ ಬೆರಳಿಟ್ಟು ಬೇಡ ಎಂದು ತಲೆಯಾಡಿಸಿದೆ. ಆಕೆಗೆ ಏನು ತಿಳಿಯಿತೋ, ಕಾಯಿಯನ್ನು ನನ್ನ ಉಡಿಯಲ್ಲಿಟ್ಟು, ಸೆರಗಿನ ತುದಿ ಎಳೆದು ಅವ್ವನಿಗಿಂತ ಬಿಗಿಯಾಗಿ ಸಿಕ್ಕಿಸಿ, ಬಾಗಿಲು ಹಾಕಿದಳು.

"ಏನಿತ್ತ?" ಎಂದು ಗಂಡ ಕೇಳಿದ.

"ಕಾಯಿ," ಎಂದಳು.

ಆತ ನನ್ನನ್ನು ಸುಮ್ಮನೆ ಬಿಡಲಿಲ್ಲ. ಕೆಡಿಸಿದ ಬಣವೆಯನ್ನು ರಸ್ತೆಗೆ ಹರವಿ, ಅದರ ಮೇಲೆ ನಾನೇ ಕಾರು ಹಾಯಿಸಬೇಕೆಂದ. ಹಾಯಿಸಿದೆ. ಕ್ಲಚ್ಚು, ಗೇರು, ಹಿಡಿಕೆ, ಹಿಂದಕ್ಕೆ, ಮುಂದಕ್ಕೆ. ಆತ ಬದಿಯಲ್ಲಿ ನಿಂತು "ಎಡಕ್ಕ ಬಿಟ್ಟೀರಿ, ಅಲ್ಲಿ ತುಳೀದ ಹಂಗ ಉಳದೈತಿ," ಎಂದು ಬಯ್ಯುತ್ತ ಕೆಲಸ ಮಾಡಿಸಿದ. ಭುಜ ಸೋತು ಹೋದವು. ಬಿಡುವಾಗ, "ಮುಂದ ಹಿಂಗ ಸೊಕ್ಕ ಮಾಡಬ್ಯಾಡ್ರಿ," ಎಂದು ಬುದ್ಧಿ ಹೇಳಿದ. "ಇಲ್ರಿ," ಎಂದೆ. ಸಿಂದಗಿ ಬರುವ ತನಕ ಒಬ್ಬಳೇ ನಕ್ಕೆ, ನಡುವೆ ಒಂದೆರಡು ಕಡೆ ಅತ್ತದ್ದೂ ಉಂಟು. ಬಿದ್ದ ಮೇಲೆ ಅಷ್ಟು ಸುಖದ ದಿನ ನನಗೆ ಇನ್ನೊಂದು ಬಂದಿರಲಿಲ್ಲ.

ಅತ್ತೆ ಸಂಜೆಯ ಬಸ್ಸಿಗೆ ಬಂದರು, ಹಿಂಡಿಯ ಗಂಟನ್ನು ನನ್ನ ಮುಂದೆ ಕುಕ್ಕಿ, ಮಾತು ಬಿಟ್ಟರು. ನಮ್ಮ ಮನೆಯವರು ಕಾರಿನ ಮೂತಿಗೆ ಸಿಕ್ಕಿದ್ದ ಕಡಲೆ ಗಿಡ ಹಿಡಿದುಕೊಂಡು ಒಳಗೆ ಬಂದು ವಿಚಾರಣೆ ನಡೆಸಿದರು. ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಕೆಂಪಾಯಿತು.

"ಯಾರಂವ? ನಾಳೆನ ಹೋಗಿ ಮಾತಾಡ್ತೇನಿ. ನೀಯರ ಹೇಳಬಾರದೇನು ಅವಂಗ, ನಿನಗ ಕಾಲ..." ಎಂದು ಅಲ್ಲಿಗೇ ನಿಲ್ಲಿಸಿದರು.

"ಹೋಗಬ್ಯಾಡ್ರಿ," ಎಂದೆ. "ಇಷ್ಟ ದೊಡ್ಡ ಜಿಲ್ಲಾದಾಗ ಒಬ್ಬಂವರ ನನ್ನ ಸೊಕ್ಕಿನಾಕಿ ಅಂತ ತಿಳಕೊಂಡಿರ್ಲಿ."